ಆಷಾಢಕ್ಕೆ ಆಲ್ಬಂ: ಪ್ರೋಗ್ರಾಂಗಳ ನಡುವೆ ನಿಮ್ಮದೇ ಹಾಡು ಮಾಡುವುದು ಹೇಗೆ

ಮದುವೆ ರಿಸೆಪ್ಷನ್, ಗಣೇಶೋತ್ಸವ, ರಾಜ್ಯೋತ್ಸವ, ಬೇರೆಯವರ ರೆಕಾರ್ಡಿಂಗಿಗೆ ಟ್ರ್ಯಾಕ್ ಹಾಡುವುದು, ಪಾಠ. ಕರ್ನಾಟಕದಲ್ಲಿ ಹಾಡಿ ಬದುಕುವವರ ಸಂಪಾದನೆ ಹೆಚ್ಚುಕಡಿಮೆ ಈ ಐದರಲ್ಲೇ ಬರುತ್ತದೆ. ಸ್ವಂತ ರಾಗಸಂಯೋಜನೆ, ಇಷ್ಟಪಟ್ಟು ಹಾಡಬೇಕೆಂದಿರುವ ತತ್ವಪದ, ಮನಸ್ಸಿನಲ್ಲೇ ಉಳಿದ ಕವಿತೆ ಮಾತ್ರ ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತಲೇ ಇರುತ್ತವೆ. ಪ್ರತಿಭೆಯಾಗಲಿ ಆಸೆಯಾಗಲಿ ಕಡಿಮೆಯಾಗಿ ಹೀಗಾಗುವುದಲ್ಲ. ದುಡಿಮೆಗೆ ತಾರೀಕು ಇರುತ್ತದೆ, ಅಡ್ವಾನ್ಸ್ ಇರುತ್ತದೆ, ಫೋನ್ ಮಾಡಿ ಕೇಳುವವರು ಇರುತ್ತಾರೆ. ಸ್ವಂತ ಹಾಡಿಗೆ ಇವು ಮೂರೂ ಇಲ್ಲ. ಅದಕ್ಕೂ ತಾರೀಕು, ದುಡ್ಡು, ಕಾಗದ ಮಾಡಿಕೊಡುವ ಕ್ರಮ ಇಲ್ಲಿದೆ. ಸುಗಮ ಸಂಗೀತ ಮತ್ತು ಆರ್ಕೆಸ್ಟ್ರಾ ಎರಡರಲ್ಲೂ ಇರುವ ಗಾಯಕ-ಗಾಯಕಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಪಕ್ಕವಾದ್ಯದವರಿಗೂ ಬಹುಪಾಲು ಹೊಂದುತ್ತದೆ.

ಮೊದಲು ಪಂಚಾಂಗ ತೆಗೆಯಿರಿ

ನಮ್ಮ ಪ್ರೋಗ್ರಾಂಗಳನ್ನು ನಡೆಸುವುದೇ ಪಂಚಾಂಗ. ವೈಶಾಖ, ಜ್ಯೇಷ್ಠದಲ್ಲಿ ಛತ್ರಗಳು ಖಾಲಿ ಇರುವುದಿಲ್ಲ. ಆಷಾಢದಲ್ಲಿ ಮದುವೆಗಳೇ ಇಲ್ಲ. ಭಾದ್ರಪದದಲ್ಲಿ ಗಣೇಶನ ಪೆಂಡಾಲು. ಬೆಂಗಳೂರಿನಲ್ಲಂತೂ ಚೌತಿ ಮುಗಿದು ವಾರಗಳಾದರೂ ನಿಲ್ಲುವುದಿಲ್ಲ. ಆಮೇಲೆ ಹದಿನೈದು ದಿನ ಪಿತೃಪಕ್ಷ, ಫೋನ್ ಸುಮ್ಮನಾಗುತ್ತದೆ. ದಸರಾ, ನವೆಂಬರ್ ಪೂರ್ತಿ ರಾಜ್ಯೋತ್ಸವ, ಜೊತೆಗೆ ಕಾರ್ತೀಕ-ಮಾರ್ಗಶಿರದ ಮದುವೆಗಳು. ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಶುರುವಾದರೆ ಸಂಕ್ರಾಂತಿಯವರೆಗೆ ಮತ್ತೆ ಮದುವೆ ಇಲ್ಲ, ಕಂಪನಿಗಳ ಹೊಸ ವರ್ಷದ ಪಾರ್ಟಿ ಮಾತ್ರ.

ಅಂದರೆ ವರ್ಷಕ್ಕೆ ಮೂರು ಬಿಡುವುಗಳು ಮೊದಲೇ ಗೊತ್ತಿರುತ್ತವೆ: ಆಷಾಢ, ಪಿತೃಪಕ್ಷ, ಧನುರ್ಮಾಸ. ಅಧಿಕಮಾಸ ಬಂದ ವರ್ಷ ಇನ್ನೂ ಒಂದು. 2026ರಲ್ಲಿ ಮೇ ನಡುವಿನಿಂದ ಜೂನ್ ನಡುವಿನವರೆಗೆ ಅಧಿಕ ಜ್ಯೇಷ್ಠ. ಹೆಚ್ಚಿನವರು ಈ ದಿನಗಳನ್ನು ‘ಕೆಲಸ ಇಲ್ಲದ ದಿನ’ ಎಂದುಕೊಂಡು ಸಿಕ್ಕಿದ ಕಡಿಮೆ ದರದ ಕಾರ್ಯಕ್ರಮ ಒಪ್ಪಿಕೊಂಡುಬಿಡುತ್ತಾರೆ. ಹಾಗೆ ಮಾಡಬೇಡಿ. ಯುಗಾದಿಗೆ ಹೊಸ ಪಂಚಾಂಗ ಬಂದ ವಾರದಲ್ಲೇ ಈ ಮೂರನ್ನೂ ಗುರುತು ಮಾಡಿ, ಒಂದೊಂದಕ್ಕೆ ಒಂದೊಂದು ಕೆಲಸ ಕೊಡಿ. ಧನುರ್ಮಾಸದಲ್ಲಿ ರಾಗ ಹಾಕುವುದು ಮತ್ತು ಹಾಡುಗಳ ಆಯ್ಕೆ. ಆಷಾಢದಲ್ಲಿ ರೆಕಾರ್ಡಿಂಗ್. ಪಿತೃಪಕ್ಷದಲ್ಲಿ ಲೆಕ್ಕ, ನೋಂದಣಿ, ಕಾಗದಪತ್ರ. ಆಷಾಢಕ್ಕೆ ಬೇಕಾದ ತಬಲಾ, ಕೊಳಲಿನವರಿಗೆ ವೈಶಾಖದಲ್ಲೇ ತಾರೀಕು ಹೇಳಿ ಸ್ವಲ್ಪ ಅಡ್ವಾನ್ಸ್ ಕೊಟ್ಟಿಡಿ. ಅಡ್ವಾನ್ಸ್ ಕೊಟ್ಟ ತಾರೀಕನ್ನು ನೀವೂ ತಪ್ಪಿಸುವುದಿಲ್ಲ, ಅವರೂ ತಪ್ಪಿಸುವುದಿಲ್ಲ.

ವರ್ಷಕ್ಕೆ ಮೂರು ಹಾಡು ಸಾಕು. ಎಂಟು ಹಾಡಿನ ಆಲ್ಬಂ ಎಂದು ಹೊರಟರೆ ಸಾಮಾನ್ಯವಾಗಿ ನಾಲ್ಕನೆಯ ಹಾಡಿನ ಹೊತ್ತಿಗೆ ಮುಂದಿನ ಸೀಸನ್ ಬಂದಿರುತ್ತದೆ. ಅರ್ಧಕ್ಕೆ ನಿಂತ ಹಾಡನ್ನು ಹತ್ತು ತಿಂಗಳ ಮೇಲೆ ತೆರೆದರೆ ಧ್ವನಿಯೂ ಬೇರೆ, ಮನಸ್ಸೂ ಬೇರೆ. ಮೊದಲಿಂದ ಹಾಡಬೇಕಾಗುತ್ತದೆ, ಖರ್ಚು ಎರಡರಷ್ಟು.

ದುಡ್ಡು: ಸಂಭಾವನೆ ಬಂದ ರಾತ್ರಿಯೇ ಬೇರೆ ಮಾಡಿ

ದರ ಊರಿಂದ ಊರಿಗೆ, ತಂಡದಿಂದ ತಂಡಕ್ಕೆ ಬೇರೆ. ಮುಂದಿನ ಅಂಕಿಗಳು ಉದಾಹರಣೆಗೆ ಮಾತ್ರ, ಲೆಕ್ಕದ ಕ್ರಮವನ್ನು ನೋಡಿ. ಒಂದು ರಿಸೆಪ್ಷನ್ನಿಗೆ 60,000 ರೂಪಾಯಿ ಬಂತು ಎನ್ನೋಣ. ಕೀಬೋರ್ಡ್, ತಬಲಾ, ರಿದಂ ಪ್ಯಾಡ್, ಕೊಳಲು, ನಾಲ್ವರಿಗೆ ತಲಾ 7,000ದಂತೆ 28,000. ಮಧ್ಯವರ್ತಿಗೆ 6,000. ಗಾಡಿಗೆ 3,500. ಉಳಿದದ್ದು 22,500. ಅದರಲ್ಲಿ ಐದನೇ ಒಂದು ಭಾಗ, ಅಂದರೆ 4,500, ಆ ರಾತ್ರಿಯೇ ಬೇರೆ ಉಳಿತಾಯ ಖಾತೆಗೆ. ಹೀಗೆ ಮೂವತ್ತು ಕಾರ್ಯಕ್ರಮಕ್ಕೆ 1,35,000.

ಈಗ ಹಾಡಿನ ಖರ್ಚು. ತಬಲಾ 5,000, ಕೊಳಲು 5,000, ಸ್ಟುಡಿಯೋ ಎಂಟು ಗಂಟೆಗೆ 8,000, ಮಿಕ್ಸಿಂಗ್ (ಧ್ವನಿ, ವಾದ್ಯಗಳನ್ನು ಹದವಾಗಿ ಬೆರೆಸುವುದು) 12,000, ಮಾಸ್ಟರಿಂಗ್ (ಬಿಡುಗಡೆಗೆ ಮುಂಚಿನ ಕೊನೆಯ ಹದ) 4,000. ಒಂದಕ್ಕೆ 34,000, ಮೂರಕ್ಕೆ 1,02,000. ಮಿಕ್ಕ 33,000 ಕವಿತೆಯ ಅನುಮತಿಗೆ ಮತ್ತು ಒಂದು ಸರಳ ವಿಡಿಯೋಗೆ. ಲೆಕ್ಕ ಹೀಗೆ ಕೂಡಿದರೆ ಸಾಲ ಮಾಡುವ ಮಾತೇ ಬರುವುದಿಲ್ಲ. ಸ್ವಂತ ಆಲ್ಬಂಗೆ ಸಾಲ ಮಾಡಿದವರು ಅದನ್ನು ತೀರಿಸಲೆಂದೇ ಮುಂದಿನ ವರ್ಷ ಇಷ್ಟವಿಲ್ಲದ ಕೆಲಸವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಈ ಖಾತೆ ಸೋರುವುದು ಎರಡು ಕಡೆ. ಒಂದು, ಹೊಸ ಮೈಕು, ಹೊಸ ಮಿಕ್ಸರ್. ಅದು ದುಡಿಮೆಯ ಸಲಕರಣೆ, ದುಡಿಮೆಯ ದುಡ್ಡಿನಲ್ಲೇ ಬರಲಿ. ಇನ್ನೊಂದು, ಬಾಕಿ. ಕೆಲವು ಸಮಿತಿಗಳು, ಕೆಲವು ಕಚೇರಿಗಳು ತಿಂಗಳುಗಟ್ಟಲೆ ಕಾಯಿಸುತ್ತವೆ. ಆದ್ದರಿಂದ ಒಪ್ಪಿಕೊಳ್ಳುವಾಗಲೇ ಅರ್ಧ ಅಡ್ವಾನ್ಸ್, ಉಳಿದದ್ದು ವೇದಿಕೆ ಹತ್ತುವ ಮುಂಚೆ ಎಂದು ವಾಟ್ಸ್ಯಾಪ್‌ನಲ್ಲಾದರೂ ಬರೆದು ‘ಸರಿ’ ಎಂಬ ಉತ್ತರ ತರಿಸಿಕೊಳ್ಳಿ.

ತೆರಿಗೆಯಲ್ಲಿ ಎರಡೇ ವಿಷಯ ಗೊತ್ತಿದ್ದರೆ ಸಾಕಷ್ಟು ಉಳಿಯುತ್ತದೆ. ಕಂಪನಿಗಳು ಸಾಮಾನ್ಯವಾಗಿ 10% ಟಿಡಿಎಸ್ (ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಕೊಡುತ್ತವೆ. ರಿಟರ್ನ್ಸ್ ಹಾಕದಿದ್ದರೆ ಅದು ವಾಪಸ್ ಬರುವುದಿಲ್ಲ. ಜಾನಪದ ಅಥವಾ ಶಾಸ್ತ್ರೀಯ ಪ್ರಕಾರದ ಕಲಾವಿದರಿಗೆ ಒಂದು ಪ್ರದರ್ಶನಕ್ಕೆ 1,50,000 ರೂಪಾಯಿವರೆಗಿನ ಸಂಭಾವನೆಯ ಮೇಲೆ ಜಿಎಸ್‌ಟಿ ವಿನಾಯಿತಿ ಇದೆ. ಸಿನಿಮಾ ಹಾಡಿನ ರಿಸೆಪ್ಷನ್ನಿಗೆ ಅದು ಅನ್ವಯಿಸುವುದಿಲ್ಲ. ಆದ್ದರಿಂದ ಬಿಲ್ಲಿನಲ್ಲಿ ಸುಮ್ಮನೆ ‘ಸಂಗೀತ ಕಾರ್ಯಕ್ರಮ’ ಎಂದು ಬರೆಯದೆ ಯಾವ ಪ್ರಕಾರ ಎಂಬುದನ್ನೂ ಬರೆಯಿರಿ.

ರಿಸೆಪ್ಷನ್ನಿನಲ್ಲೇ ಹಾಡು ಪರೀಕ್ಷೆಯಾಗಲಿ

ಸಂಜೆ 7ರಿಂದ 10ರವರೆಗಿನ ರಿಸೆಪ್ಷನ್ ಮೂರು ಭಾಗವಾಗಿ ನಡೆಯುತ್ತದೆ. ಮೊದಲ ನಲವತ್ತು ನಿಮಿಷ ವಧೂವರರು ಇನ್ನೂ ಅಲಂಕಾರದಲ್ಲಿರುತ್ತಾರೆ, ಬಂದ ನೂರು ಜನರಲ್ಲಿ ಅರ್ಧ ಹಿರಿಯರು, ಮುಂದಿನ ಕುರ್ಚಿಯಲ್ಲಿ ಕೂತು ನಿಜವಾಗಿ ಕೇಳುತ್ತಾರೆ. 7:40ರಿಂದ 9:15 ನೂಕುನುಗ್ಗಲು: ಕಾಣಿಕೆ, ಫೋಟೋ, ‘ಈ ಹಾಡು ಹಾಡಿ’ ಎಂಬ ಚೀಟಿಯ ಮೇಲೆ ಚೀಟಿ. 9:15ರ ನಂತರ ಊಟ ಮುಗಿಸಿದ ಮನೆಯವರು ಮಾತ್ರ ಉಳಿಯುತ್ತಾರೆ. 10ಕ್ಕೆ ಧ್ವನಿವರ್ಧಕ ನಿಲ್ಲಲೇಬೇಕು.

ನಡುವಿನ ಭಾಗವನ್ನು ಪೂರ್ತಿಯಾಗಿ ಅವರಿಗೇ ಬಿಟ್ಟುಕೊಡಿ. ಕೇಳಿದ ಹಾಡು, ಮೂಲದ ಶ್ರುತಿಗೆ ಹತ್ತಿರ, ಮೂಲದ ನಡೆಯಲ್ಲಿ. ಜನ ಜೊತೆಗೆ ಗುನುಗುವ ಪಲ್ಲವಿಯನ್ನು ನಿಮ್ಮ ಕಲ್ಪನೆಯಂತೆ ತಿರುಗಿಸಿದರೆ ಅವರು ಎರಡನೇ ಸಾಲಿಗೇ ತಪ್ಪುತ್ತಾರೆ, ಮುಖ ಬೇರೆ ಕಡೆ ತಿರುಗುತ್ತದೆ. ಆಲಾಪನೆ ಮಾಡುವ ಆಸೆ ಇದ್ದರೆ ಹಾಡು ಶುರುವಾಗುವ ಮುಂಚಿನ ಮೂವತ್ತು ಸೆಕೆಂಡಿನಲ್ಲಿ ಮಾಡಿ.

ನಿಮ್ಮ ಹಾಡಿಗೆ ಎರಡು ಜಾಗ: ಆರಂಭದ ಮೂರನೇ ಹಾಡು, ಮತ್ತು 9:15ರ ನಂತರ ಒಂದು. ನಾಲ್ಕೂವರೆ ನಿಮಿಷ ಮೀರದಿರಲಿ. ಇಪ್ಪತ್ತು ಸೆಕೆಂಡಿನೊಳಗೆ ಮಾತು ಕೇಳಿಸಲಿ. ‘ಇದು ನನ್ನದೇ ಸಂಯೋಜನೆ’ ಎಂದು ಮೊದಲೇ ಹೇಳಬೇಡಿ. ಹಾಗೆ ಹೇಳಿದೊಡನೆ ಕೇಳುವವರು ಪರೀಕ್ಷಕರಾಗಿಬಿಡುತ್ತಾರೆ. ಹಾಡಿ ಮುಗಿಸಿ, ಕವಿಯ ಹೆಸರನ್ನೂ ನಿಮ್ಮ ಹೆಸರನ್ನೂ ಒಂದು ವಾಕ್ಯದಲ್ಲಿ ಹೇಳಿದರೆ ಸಾಕು.

ಮಿಕ್ಸರ್‌ನಿಂದ ನೇರವಾಗಿ ಧ್ವನಿ ತೆಗೆದಿಟ್ಟುಕೊಂಡು, ಅದೇ ಹಾಡನ್ನು ಐದು ಕಡೆ ಹಾಡಿದ ಮೇಲೆ ಒಟ್ಟಿಗೆ ಕೂತು ಕೇಳಿ. ಉಸಿರು ಎಲ್ಲಿ ಪದೇಪದೇ ಕಡಿಮೆ ಬೀಳುತ್ತಿದೆ, ತಬಲಾದವರು ಯಾವ ಸಾಲಿನಲ್ಲಿ ತಾವಾಗಿಯೇ ಲಗ್ಗಿ (ವೇಗದ ನಡೆಯ ನುಡಿಸಾಣಿಕೆ) ಹಾಕುತ್ತಾರೆ, ಎರಡನೇ ಚರಣಕ್ಕೆ ನಡೆ ಓಡುತ್ತಿದೆಯೇ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ವೇದಿಕೆ ಇಳಿದ ಮೇಲೆ ಯಾರಾದರೂ ‘ಆ ಹಾಡು ಯಾವುದು?’ ಎಂದು ಕೇಳಿದರೆ ಯಾವ ಸಾಲು ನೆನಪಿದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ನಿಶ್ಶಬ್ದವನ್ನೇ ಬೇಡುವ ಹಾಡು, ವಿಳಂಬದ ವಚನವೋ ಶೋಕದ ಕವಿತೆಯೋ, ಇಲ್ಲಿಗೆ ತರಬೇಡಿ. ಪಾತ್ರೆ ಸದ್ದಿನ ನಡುವೆ ಅದು ಸೋತರೆ ನಿಮಗೇ ಅದರ ಮೇಲಿನ ನಂಬಿಕೆ ಹೋಗುತ್ತದೆ. ಅಂಥದ್ದಕ್ಕೆ ನಲವತ್ತು ಜನ ಕೂರುವ ಮನೆಯ ಬೈಠಕ್ಕೇ ಸರಿ.

ಗಂಟಲು ಒಂದೇ, ಕೆಲಸ ಎರಡು

ಆರ್ಕೆಸ್ಟ್ರಾದಲ್ಲಿ ಪಳಗಿದ ಗಂಟಲಿಗೆ ಮೂರು ಅಭ್ಯಾಸ ಅಂಟಿರುತ್ತವೆ: ಎತ್ತರದ ಶ್ರುತಿ, ಒಂದೇ ಸಮನೆಯ ಜೋರು, ಮೈಕು ತುಟಿಗೆ ಅಂಟಿಸಿ ಹಾಡುವುದು. ಸಣ್ಣ ಸದ್ದನ್ನೂ ಹಿಡಿಯುವ ಸ್ಟುಡಿಯೋದ ಕಂಡೆನ್ಸರ್ ಮೈಕಿನ ಮುಂದೆ ಇವು ಮೂರೂ ದೋಷವಾಗಿ ಕೇಳಿಸುತ್ತವೆ. ಉಸಿರೆಳೆಯುವ ಸದ್ದು, ಪ-ಬ ಅಕ್ಷರಗಳ ಹೊಡೆತ, ಮಂದ್ರದಲ್ಲಿ ಕರಗಿಹೋಗುವ ಪದ.

ಕೊನೆಯ ಪ್ರೋಗ್ರಾಮಿಗೂ ರೆಕಾರ್ಡಿಂಗಿಗೂ ನಡುವೆ ಎರಡು ವಾರ ಇರಲಿ. ಮೊದಲ ಮೂರು ದಿನ ಹಾಡುವುದೇ ಬೇಡ, ಪಿಸುಮಾತೂ ಬೇಡ. ಪಿಸುಗುಟ್ಟುವುದು ಗಂಟಲಿಗೆ ವಿಶ್ರಾಂತಿಯಲ್ಲ. ನಂತರ ಬೆಳಿಗ್ಗೆ ಇಪ್ಪತ್ತು ನಿಮಿಷ ಮಂದ್ರಸ್ಥಾಯಿ ಸಾಧನೆ, ತಂಬೂರಿ ಆ್ಯಪ್ ಮೆಲ್ಲಗೆ ಇಟ್ಟು. ಎರಡನೇ ವಾರ ಹಾಡನ್ನು ಮೈಕಿಲ್ಲದೆ, ಎದುರಿಗೆ ಕೂತ ಒಬ್ಬರಿಗೆ ಕೇಳುವಷ್ಟೇ ಧ್ವನಿಯಲ್ಲಿ. ಶ್ರುತಿ ನಿರ್ಧರಿಸುವಾಗ ಎತ್ತರದ ಸಾಲನ್ನು ಮರೆತು ಅತಿ ತಗ್ಗಿನ ಸಾಲನ್ನು ಹಾಡಿ ನೋಡಿ. ಅಲ್ಲಿ ಪದ ಸ್ಪಷ್ಟವಾಗಿ ಕೇಳುವ ಶ್ರುತಿಯೇ ಆ ಹಾಡಿನ ಶ್ರುತಿ. ಸಾಮಾನ್ಯವಾಗಿ ಅದು ವೇದಿಕೆಯ ಶ್ರುತಿಗಿಂತ ಅರ್ಧ ಅಥವಾ ಒಂದು ಮನೆ (ಶ್ರುತಿಯ ಮೆಟ್ಟಿಲು) ಕೆಳಗೆ ಬರುತ್ತದೆ.

ಕಿವಿಯೂ ಬಂಡವಾಳವೇ. 85 ಡೆಸಿಬಲ್‌ನಲ್ಲಿ ಎಂಟು ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿದಂತೆ ಸುರಕ್ಷಿತ ಸಮಯ ಅರ್ಧಕ್ಕಿಳಿಯುತ್ತದೆ, 100ಕ್ಕೆ ಬರೀ ಹದಿನೈದು ನಿಮಿಷ. ಗಣೇಶನ ಪೆಂಡಾಲಿನ ಮಾನಿಟರ್ (ಹಾಡುವವರ ಕಡೆಗೆ ತಿರುಗಿಸಿಟ್ಟ ಸ್ಪೀಕರ್) ಮುಂದೆ 100 ದಾಟುವುದು ಕಷ್ಟವೇನಲ್ಲ. ವಾದಕರಿಗೆಂದೇ ಮಾಡಿದ ಕಿವಿಬಿರಡೆ ಹಾಕಿಕೊಳ್ಳಿ, ಮಾನಿಟರ್‌ನಲ್ಲಿ ನಿಮ್ಮ ಧ್ವನಿ ಮತ್ತು ಒಂದು ಶ್ರುತಿವಾದ್ಯ ಬಿಟ್ಟು ಉಳಿದದ್ದು ತೆಗೆಸಿ.

ಪಾಠದ ವೇಳೆಯ ಬಗ್ಗೆಯೂ ಒಂದು ಮಾತು. ಅಮೆರಿಕದ ಕನ್ನಡಿಗರ ಮಕ್ಕಳಿಗೆ ಆನ್‌ಲೈನ್ ಪಾಠ ಒಳ್ಳೆಯ ಆದಾಯ. ಆದರೆ ಬೇಸಿಗೆಯಲ್ಲಿ ಅಲ್ಲಿನ ಪೂರ್ವ ಕರಾವಳಿಯ ರಾತ್ರಿ ಎಂಟೂವರೆ ನಮ್ಮ ಬೆಳಗಿನ ಆರು. ವಾರದ ಐದು ದಿನ ಆ ಹೊತ್ತು ಕೊಟ್ಟರೆ ಸಾಧನೆಯ ಹೊತ್ತೇ ಮಾರಿದಂತೆ. ಶನಿವಾರ, ಭಾನುವಾರದ ಬೆಳಗ್ಗೆ ಮಾತ್ರ ಅವರಿಗೆ ಕೊಡಿ. ಅಲ್ಲಿ ಅದು ಶುಕ್ರವಾರ, ಶನಿವಾರದ ರಾತ್ರಿ, ಮಕ್ಕಳಿಗೂ ಶಾಲೆಯ ಒತ್ತಡ ಇರುವುದಿಲ್ಲ. ಕೊಲ್ಲಿ ದೇಶಗಳ ವಿದ್ಯಾರ್ಥಿಗಳನ್ನು ಸಂಜೆಗೆ ಹಾಕಬಹುದು, ವ್ಯತ್ಯಾಸ ಕಡಿಮೆ.

ಹಕ್ಕು: ಇಲ್ಲಿ ಕೈಬಿಟ್ಟರೆ ಮತ್ತೆ ಸಿಗುವುದಿಲ್ಲ

ಮೊದಲು ಬೇರೆಯವರ ಹಕ್ಕು. ಕವಿ ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಅವರ ಕವಿತೆಗೆ ಕೃತಿಸ್ವಾಮ್ಯ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ 2041ರ ಕೊನೆಯವರೆಗೆ, ಕುವೆಂಪು 1994, ಹಾಗಾಗಿ 2054ರವರೆಗೆ, ಡಿ.ವಿ.ಜಿ. 1975, ಹಾಗಾಗಿ 2035ರವರೆಗೆ ಅನುಮತಿ ಬೇಕು. ಬಿ.ಎಂ.ಶ್ರೀ. (1946), ಪಂಜೆ ಮಂಗೇಶರಾಯರು (1937) ಬದುಕಿದ್ದಾಗಲೇ ಪ್ರಕಟಿಸಿದ ಕವಿತೆಗಳಿಗೆ ಬೇಡ. ಶಿಶುನಾಳ ಷರೀಫರ ತತ್ವಪದ, ವಚನ, ದಾಸರ ಪದ ಎಲ್ಲರವು. ಆದರೆ ಪದ ಮುಕ್ತವಾಗಿದ್ದರೂ ನಿಮ್ಮ ಕಿವಿಯಲ್ಲಿರುವ ಧಾಟಿ ಯಾರೋ ಸಂಯೋಜಕರದ್ದಾಗಿರಬಹುದು. ಹೆಚ್ಚಿನವರು ಎಡವುವುದು ಇಲ್ಲೇ. ಅನುಮಾನ ಬಂದರೆ ಹೊಸ ರಾಗ ಹಾಕಿ. ಸ್ವಂತ ಕೆಲಸ ಎಂದರೆ ಅದೇ ತಾನೆ.

ಅನುಮತಿ ಪತ್ರದಲ್ಲಿ ಇಷ್ಟು ಇರಲಿ: ಕವಿತೆಯ ಹೆಸರು ಮತ್ತು ಹಾಡುವ ಚರಣಗಳು, ಧ್ವನಿಮುದ್ರಣ-ಸ್ಟ್ರೀಮಿಂಗ್-ವಿಡಿಯೋ-ವೇದಿಕೆ ಎಂದು ಬಳಕೆ ಬಿಡಿಬಿಡಿಯಾಗಿ, ಎಷ್ಟು ವರ್ಷ, ಯಾವ ದೇಶಗಳು, ಎಷ್ಟು ಗೌರವಧನ. ಅವಧಿ ಬರೆಯದಿದ್ದರೆ ನಮ್ಮ ಕಾನೂನಿನ ಪ್ರಕಾರ ಹಕ್ಕು ಐದು ವರ್ಷಕ್ಕೆ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಸ್ಟ್ರೀಮಿಂಗ್ ಎಂದರೆ ಜಗತ್ತಿಡೀ, ಆದ್ದರಿಂದ ‘ಎಲ್ಲ ದೇಶಗಳು’ ಎಂದು ಬರೆಸಿಕೊಳ್ಳಲೇಬೇಕು.

ಇದೇ ಕಲಮು ನೀವು ಬೇರೆಯವರಿಗೆ ಹಾಡಿಕೊಡುವಾಗ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಭಕ್ತಿಗೀತೆಯ ಚಾನೆಲ್ಲಿಗೆ ಹತ್ತು ಹಾಡು ಹಾಡುವ ಕೆಲಸ ಬಂತೆಂದರೆ ಒಪ್ಪಂದದಲ್ಲಿ ‘ಎಕ್ಸ್‌ಕ್ಲೂಸಿವ್’ ಎಂಬ ಮಾತು ಹುಡುಕಿ. ಅದು ಆ ಹತ್ತು ಹಾಡಿಗೋ, ನಿಮ್ಮ ಧ್ವನಿಗೋ? ಧ್ವನಿಗೆ ಎಂದಿದ್ದರೆ ನಿಮ್ಮ ಸ್ವಂತ ಆಲ್ಬಂ ಕೂಡ ನಿಲ್ಲುತ್ತದೆ. ‘ಈ ಹಾಡುಗಳಿಗೆ ಮಾತ್ರ’ ಎಂದು ತಿದ್ದಿಸಿ. ಧ್ವನಿಯಿಂದ ಕೃತಕ ಬುದ್ಧಿಮತ್ತೆಯ ನಕಲು ಮಾಡಬಾರದು ಎಂಬ ಒಂದು ಸಾಲನ್ನೂ ಸೇರಿಸಿ. ರಾಗವೂ ನಿಮ್ಮದಾದರೆ ಇನ್ನೊಂದು ವಿಷಯ: 2012ರ ತಿದ್ದುಪಡಿಯ ನಂತರ ಸಿನಿಮಾ ಅಥವಾ ಧ್ವನಿಮುದ್ರಣದಲ್ಲಿ ಸೇರಿದ ಸಾಹಿತ್ಯ-ಸಂಗೀತಕ್ಕೆ ಬರುವ ರಾಯಲ್ಟಿಯಲ್ಲಿ ರಚನಕಾರರ ಪಾಲನ್ನು ವಾರಸುದಾರರಿಗೆ ಅಥವಾ ಹಕ್ಕು ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡಲು ಬರುವುದಿಲ್ಲ. ‘ಎಲ್ಲ ಹಕ್ಕೂ ಒಂದೇ ಸಲಕ್ಕೆ’ ಎಂದು ಬರೆಸಿಕೊಂಡರೂ ಆ ಪಾಲು ನಿಮ್ಮದೇ. ಅದು ಕೈಗೆ ಬರಬೇಕಾದರೆ ಸಂಯೋಜಕರು, ಗೀತರಚನಕಾರರು ತಮ್ಮ ಹಕ್ಕು ಸಂಘವಾದ ಐಪಿಆರ್‌ಎಸ್‌ಗೆ, ಗಾಯಕರು, ವಾದಕರು ತಮ್ಮ ಹಕ್ಕು ಸಂಘವಾದ ಇಸಾಮ್ರಾಗೆ ಸದಸ್ಯರಾಗಿ ಹಾಡುಗಳನ್ನು ನೋಂದಾಯಿಸಿರಬೇಕು. ಪಿತೃಪಕ್ಷದ ಕೆಲಸ ಇದೇ.

ಮದುವೆಯಲ್ಲಿ ಸಿನಿಮಾ ಹಾಡು ಹಾಡುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಅದರ ವಿಡಿಯೋವನ್ನು ನಿಮ್ಮ ಚಾನೆಲ್ಲಿಗೆ ಹಾಕುವುದು ಆ ವಿನಾಯಿತಿಯೊಳಗೆ ಬರುವುದಿಲ್ಲ. ನಿಮ್ಮ ಹಾಡಿಗೆಂದು ಕಟ್ಟಿದ ಚಾನೆಲ್ಲಿಗೆ ಸ್ಟ್ರೈಕ್ (ಹಕ್ಕು ಮುರಿದದ್ದಕ್ಕೆ ಯೂಟ್ಯೂಬ್ ಕೊಡುವ ಎಚ್ಚರಿಕೆ) ತಂದುಕೊಳ್ಳಬೇಡಿ.

ರೆಕಾರ್ಡಿಂಗ್ ಮತ್ತು ಬಿಡುಗಡೆ

ಕ್ರಮ ಹೀಗಿರಲಿ: ಕ್ಲಿಕ್ ಟ್ರ್ಯಾಕ್ (ಲಯ ಹಿಡಿಯುವ ಟಿಕ್ ಸದ್ದು) ಮೇಲೆ ಗೈಡ್ ಧ್ವನಿ (ವಾದಕರಿಗೆ ದಾರಿ ತೋರುವ ತಾತ್ಕಾಲಿಕ ಹಾಡಿಕೆ), ಆಮೇಲೆ ತಬಲಾ, ಆಮೇಲೆ ಕೊಳಲು ಅಥವಾ ಪಿಟೀಲು, ಕೊನೆಗೆ ನಿಮ್ಮ ಧ್ವನಿ. ತಬಲಾ ಸ್ಟುಡಿಯೋದಲ್ಲೇ ಆಗಲಿ, ಮನೆಯ ಕೋಣೆಯ ಪ್ರತಿಧ್ವನಿ ಅದರ ಬಾಯಾದ (ಎಡಗೈ ತಬಲಾ) ನಾದವನ್ನು ಕೆಡಿಸುತ್ತದೆ. ಧ್ವನಿಯನ್ನು ಬೇಕಾದರೆ ಮನೆಯಲ್ಲಿ ತೆಗೆಯಬಹುದು: ಬಟ್ಟೆ ತುಂಬಿದ ಬೀರು ತೆರೆದಿಟ್ಟು ಅದರ ಎದುರು, ಬೆನ್ನ ಹಿಂದೆ ಹಾಸಿಗೆ ನಿಲ್ಲಿಸಿ, ಫ್ಯಾನ್ ಆರಿಸಿ, ಮೈಕಿಗೂ ಬಾಯಿಗೂ ಗೇಣಿನ ಅಂತರ. 24 ಬಿಟ್, 48 ಕಿಲೋಹರ್ಟ್ಸ್, ಅತಿ ಜೋರಿನ ಸಾಲು ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 6 ಡೆಸಿಬಲ್ ದಾಟದಂತೆ.

ಮುಗಿದ ಫೈಲನ್ನು ವಿತರಕರಿಗೆ (ಸ್ಟ್ರೀಮಿಂಗ್ ತಾಣಗಳಿಗೆ ಹಾಡು ತಲುಪಿಸುವವರು) ಬಿಡುಗಡೆಗೆ ನಾಲ್ಕು ವಾರ ಮುಂಚೆ ಕೊಡಿ. ಸ್ಪಾಟಿಫೈ ಪ್ಲೇಲಿಸ್ಟ್‌ಗೆ ಹಾಡು ಸೂಚಿಸಲು ಬಿಡುಗಡೆಗೆ ಕನಿಷ್ಠ ಏಳು ದಿನ ಇರಬೇಕು. ಕವಿ, ಸಂಯೋಜಕ, ವಾದಕರ ಹೆಸರುಗಳ ಕಾಗುಣಿತವನ್ನು ಆಗಲೇ ನೋಡಿಕೊಳ್ಳಿ, ಮುಂದೆ ರಾಯಲ್ಟಿ ಹುಡುಕುವುದು ಆ ಹೆಸರುಗಳ ಮೇಲೆಯೇ. ಅಲ್ಲಿಂದ ದೊಡ್ಡ ಮೊತ್ತವನ್ನು ನೆಚ್ಚಿಕೊಳ್ಳಬೇಡಿ: 2024ರಿಂದ ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ಸ್ಪಾಟಿಫೈ ಧ್ವನಿಮುದ್ರಣದ ರಾಯಲ್ಟಿ ಕೊಡುವುದಿಲ್ಲ. ಯೂಟ್ಯೂಬ್ ಜಾಹೀರಾತಿನ ಪಾಲಿಗೂ 1,000 ಚಂದಾದಾರರು, ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ ಬೇಕು.

ದಾಸರ ಪದ, ವಚನ ಹಾಡಿದವರಿಗೆ ಬರುವ ತೊಂದರೆಯೊಂದಿದೆ. ಅದೇ ಪದದ ಬೇರೊಂದು ಧ್ವನಿಮುದ್ರಣದ ಮಾಲೀಕರಿಂದ ಯೂಟ್ಯೂಬಿನಲ್ಲಿ ನಿಮ್ಮ ವಿಡಿಯೋಗೆ ಕಂಟೆಂಟ್ ಐಡಿ (ಒಂದೇ ರೀತಿಯ ಧ್ವನಿಯನ್ನು ತಾನಾಗಿ ಪತ್ತೆ ಹಚ್ಚುವ ವ್ಯವಸ್ಥೆ) ಮೂಲಕ ‘ಇದು ನಮ್ಮದು’ ಎಂಬ ಕ್ಲೇಮ್ ಬೀಳುತ್ತದೆ. ಗಾಬರಿ ಬೇಡ. ಪದ ಸಾರ್ವಜನಿಕ, ರಾಗ ನಿಮ್ಮದು, ಮುದ್ರಣ ನಿಮ್ಮದು ಎಂದು ಬರೆದು ತಕರಾರು ಹಾಕಿ. ಎದುರಿನವರು 30 ದಿನದೊಳಗೆ ಉತ್ತರಿಸದಿದ್ದರೆ ಕ್ಲೇಮ್ ತಾನಾಗಿ ಬಿಡುಗಡೆಯಾಗುತ್ತದೆ. ಸ್ಟುಡಿಯೋದ ದಿನಾಂಕವಿರುವ ಬಿಲ್ಲು, ವಾದಕರ ಸಹಿಯ ಒಂದು ಪುಟದ ಒಪ್ಪಿಗೆ ಅದಕ್ಕೆಂದೇ ಕೈಯಲ್ಲಿರಲಿ. ಆ್ಯಪಿನ ಸಿದ್ಧ ತಂಬೂರಿ-ತಬಲಾ ಲೂಪ್ (ಮತ್ತೆಮತ್ತೆ ನುಡಿಯುವ ಧ್ವನಿತುಣುಕು) ಬಳಸಿದ ಹಾಡನ್ನು ನೀವು ಕಂಟೆಂಟ್ ಐಡಿಗೆ ಸೇರಿಸಬೇಡಿ. ಅದೇ ಲೂಪ್ ಬಳಸಿದ ಎಷ್ಟೋ ವಿದ್ಯಾರ್ಥಿಗಳ ವಿಡಿಯೋಗೆ ನಿಮ್ಮ ಹೆಸರಿನಲ್ಲಿ ಕ್ಲೇಮ್ ಹೋಗುತ್ತದೆ.

ಬಿಡುಗಡೆಗೆ ಶ್ರಾವಣವೇ ಒಳ್ಳೆಯದು. ಗಣೇಶೋತ್ಸವ, ರಾಜ್ಯೋತ್ಸವದ ಸಮಿತಿಯವರು ತಂಡ ಹುಡುಕಿ ಫೋನ್ ಮಾಡುವುದು ಆಗಲೇ. ದರ ಹೇಳುವಾಗ ಹೊಸ ಹಾಡಿನ ಕೊಂಡಿಯನ್ನೂ ಕಳಿಸಿ, ಮೂರು ಗಂಟೆಯ ಪಟ್ಟಿಯಲ್ಲಿ ಎರಡು ಸ್ವಂತ ಹಾಡು ಇರುತ್ತವೆ ಎಂಬುದನ್ನು ಒಪ್ಪಂದದ ಸಂದೇಶದಲ್ಲೇ ಬರೆಯಿರಿ. ಮೊದಲೇ ಬರೆದಿದ್ದರೆ ವೇದಿಕೆಯ ಮೇಲೆ ‘ಇದು ಬೇಡ, ಬೇರೆ ಹಾಡಿ’ ಎಂಬ ಚೀಟಿ ಬರುವುದು ಕಡಿಮೆ, ಬಂದರೂ ನಗುತ್ತಾ ಮುಂದಿನದಕ್ಕೆ ಇಟ್ಟುಕೊಳ್ಳಬಹುದು.